ಹನ್ನೊಂದು ಪ್ರಬಂಧ, ಒಂದೇ ಕೈ

"ಹನ್ನೊಂದೂ ಒಬ್ಬರೇ ಬರೆದಿರೋದು ಅಪ್ಪ," ಎಂದಳು ಮಗಳು, ತಟ್ಟೆಯಿಂದ ತಲೆ ಎತ್ತದೆ.

ಬೆರಳಚ್ಚುಗಾರನ ತುತ್ತು ಬಾಯಿಯ ಹತ್ತಿರ ಬಂದು ನಿಂತಿತು. ಯಾವ ಹನ್ನೊಂದು ಎಂದು ಕೇಳುವ ಅಗತ್ಯ ಅವನಿಗಿರಲಿಲ್ಲ. ಆದರೂ ಕೇಳಿದ.

ಮಗಳು ಉತ್ಸಾಹದಿಂದ ವಿವರಿಸಿದಳು. ವಿಶ್ವವಿದ್ಯಾಲಯದಲ್ಲಿ ಅವಳ ಸಂಶೋಧನೆ ಬರವಣಿಗೆಯ ಬಗ್ಗೆ. ಯಾರೇ ಬರೆಯಲಿ, 'ಆದರೂ', 'ಅಂದರೆ', 'ಹಾಗಿದ್ದರೆ' ಎಂಬಂಥ ಸಣ್ಣ ಪದಗಳನ್ನು ತಮಗೇ ಗೊತ್ತಿಲ್ಲದೆ ಒಂದು ರೂಢಿಯಲ್ಲಿ ಬಳಸುತ್ತಾರೆ. ಅವನ್ನು ಎಣಿಸಿದರೆ ಬರೆದವರ ಗುರುತು ಸಿಗುತ್ತದೆ. ಈ ಮಾತನ್ನು ಪರೀಕ್ಷಿಸಲು ಅವಳು ಗ್ರಂಥಾಲಯದಲ್ಲಿದ್ದ ನೂರಾರು ಡಾಕ್ಟರೇಟ್ ಪ್ರಬಂಧಗಳನ್ನು ಕಂಪ್ಯೂಟರಿಗೆ ಹಾಕಿದ್ದಳು. ಮಣ್ಣಿನ ತೇವದ ಮೇಲೊಂದು, ಮಕ್ಕಳು ಭಾಗಾಕಾರದಲ್ಲಿ ಎಡವುವುದರ ಮೇಲೊಂದು, ಹಾಡುಗಾರರ ಉಸಿರಾಟದ ಮೇಲೊಂದು, ಜೇನುನೊಣ, ನಾಟಕದ ಹಳೆಯ ಪರದೆಗಳು... ಒಂದಕ್ಕೊಂದು ಸಂಬಂಧವೇ ಇಲ್ಲದ ಹನ್ನೊಂದು ಪ್ರಬಂಧಗಳು ಒಂದೇ ಗುಂಪಿನಲ್ಲಿ ಬಂದು ಬಿದ್ದಿದ್ದವು. ಅವಳ ಮಾರ್ಗದರ್ಶಕರು ಆಗಲೇ ವಿಚಾರಣಾ ಸಮಿತಿಗೆ ತಿಳಿಸಿದ್ದರು.

ಹೊಲಿಗೆ ಯಂತ್ರದ ಮುಂದಿದ್ದ ಹೆಂಡತಿ ದಾರ ಕತ್ತರಿಸಿ, ಬರೆದವರು ಸಿಕ್ಕಿದರೆ ಏನು ಮಾಡುತ್ತಾರೆ ಎಂದು ಕೇಳಿದಳು. ಕೇಸು ಹಾಕುತ್ತಾರೆ ಎಂದಳು ಮಗಳು. ಗೊತ್ತಿರುವವರ ಬರಹ ಹಾಕಿ ಕಂಪ್ಯೂಟರಿನ ಎಣಿಕೆಯನ್ನು ಇನ್ನೊಮ್ಮೆ ಪರೀಕ್ಷಿಸಬೇಕಂತೆ. ತಾನು ಹಾಸ್ಟೆಲಿನಲ್ಲಿದ್ದಾಗ ಮನೆಯಿಂದ ಬರುತ್ತಿದ್ದ ಪತ್ರಗಳೆಲ್ಲ ಪೆಟ್ಟಿಗೆಯಲ್ಲೇ ಇವೆ, ಅವನ್ನೇ ಹಾಕುತ್ತೇನೆ ಎಂದು ನಕ್ಕಳು.

ಅವನು ಅರ್ಧ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ವಿಶ್ವವಿದ್ಯಾಲಯದ ಗೇಟಿನ ಎದುರಿಗೇ ಅವನ ಅಂಗಡಿ. ಇಪ್ಪತ್ತು ವರ್ಷಗಳಿಂದ ಸಂಶೋಧಕರು ಅರ್ಧಂಬರ್ಧ ಟಿಪ್ಪಣಿ, ಕೋಷ್ಟಕಗಳ ಕಂತೆ ತಂದು ಮೇಜಿನ ಮೇಲಿಟ್ಟು, ಹೇಗಾದರೂ ದಡ ಸೇರಿಸಿ ಎಂದು ಕೈಮುಗಿಯುತ್ತಿದ್ದರು. ಕಂತೆ ಕೈಚೀಲದಲ್ಲಿ ಮನೆಗೆ ಹೋಗುತ್ತಿತ್ತು. ಅವನು ಅಂಗಡಿ ಬಿಟ್ಟು ಅಲ್ಲಾಡುವಂತಿರಲಿಲ್ಲ. ಬೇಕಾದ ಪುಸ್ತಕಗಳನ್ನು ಸಾರ್ವಜನಿಕ ಗ್ರಂಥಾಲಯದಿಂದ ಹೊತ್ತು ತರುವುದು, ಹಿಂತಿರುಗಿಸುವುದು ಹೆಂಡತಿಯ ಪಾಲಿಗೆ ಬಂದಿತ್ತು. ಕೆಲವೇ ತಿಂಗಳಲ್ಲಿ ಪ್ರಬಂಧ ತಯಾರು. ಮೊದಲನೆಯದನ್ನು ಒಪ್ಪಿಕೊಂಡದ್ದು ಒಬ್ಬ ಹುಡುಗಿಯ ಅಳು ನೋಡಲಾರದೆ. ಆಮೇಲೆ ಬೇಡವೆನ್ನಲು ಆಗಲಿಲ್ಲ. ಹಳಬರು ಹೊಸಬರನ್ನು ಕಳಿಸಿದರು, 'ನಮ್ಮ ಗುಟ್ಟು ನಿಮ್ಮ ಹತ್ತಿರ, ನಿಮ್ಮದು ನಮ್ಮ ಹತ್ತಿರ' ಎಂದು ನಗುತ್ತಾ. ಆ ನಗುವಿಗೆ ಅವನು ಹೆದರುತ್ತಿದ್ದ.

ಮಗಳು ಸ್ನಾನಕ್ಕೆ ಹೋದಾಗ ಪೆಟ್ಟಿಗೆ ತೆರೆದು, ಪತ್ರಗಳ ಕಟ್ಟನ್ನು ಅಂಗಿಯೊಳಗೆ ಸೇರಿಸಿಕೊಂಡ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ಇದೆಲ್ಲ ಯಾಕ್ರೀ? ನಾನೇ ಅವಳಿಗೆ ಹೇಳಿಬಿಡ್ತೀನಿ."

"ನೀನು ಬಾಯಿ ಬಿಡಬೇಡ. ಅವಳ ಓದು ಮುಗಿಯೋವರೆಗಾದ್ರೂ."

ಆ ವಾರವೆಲ್ಲ ಅವನು ಅಂಗಡಿಯ ಶಟರನ್ನು ಅರ್ಧಕ್ಕೇ ಎತ್ತಿ ಕೂತ. ಗೇಟಿನಿಂದ ಯಾರು ಹೊರಬಂದರೂ ತನ್ನ ಕಡೆಗೇ ಬರುತ್ತಿದ್ದಾರೆ ಅನ್ನಿಸುತ್ತಿತ್ತು. ಊರು ಬಿಡೋಣವೆಂದರೆ ಮಗಳ ಸಂಶೋಧನೆ ಇಲ್ಲೇ. ನಿಜ ಹೇಳೋಣವೆಂದರೆ ಅವಳು ತನ್ನ ಕೈಯಾರೆ ಮನೆಯವರನ್ನು ಹಿಡಿದುಕೊಟ್ಟಂತಾಗುತ್ತದೆ. ಪತ್ರಗಳು ಕಾಣೆಯಾದದ್ದರ ಬಗ್ಗೆ ಮಗಳು ತುಟಿ ಪಿಟಕ್ಕೆನ್ನಲಿಲ್ಲ. ಊಟಕ್ಕೆ ಕೂತಾಗ ಸಂಶೋಧನೆಯ ಸುದ್ದಿಯನ್ನೇ ಎತ್ತುವುದನ್ನು ನಿಲ್ಲಿಸಿದಳು. ಅದು ಅವನನ್ನು ಇನ್ನಷ್ಟು ಹಿಂಡಿತು.

ಸೋಮವಾರ ಸಮಿತಿಯಿಂದ ನೋಟಿಸ್ ಬಂತು. ಹನ್ನೊಂದೂ ಪ್ರಬಂಧಗಳು ಅವನ ಅಂಗಡಿಯಲ್ಲೇ ಅಚ್ಚಾಗಿದ್ದವು, ಗುರುವಾರ ಹಾಜರಾಗಬೇಕು.

ಸಮಿತಿಯ ಕೋಣೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಉದ್ದ ಮೇಜಿನಾಚೆ ಅಧ್ಯಕ್ಷೆ, ಪಕ್ಕದಲ್ಲಿ ಮಣ್ಣುವಿಜ್ಞಾನದ ಹಿರಿಯ ಪ್ರೊಫೆಸರ್, ಸಂಗೀತ ವಿಭಾಗದವರೊಬ್ಬರು. ಮೂಲೆಯ ಕುರ್ಚಿಯಲ್ಲಿ ಮಗಳು, ತೊಡೆಯ ಮೇಲೆ ವರದಿ. ಅವನು ಅವಳ ಕಡೆ ನೋಡಲಿಲ್ಲ. ಕೂರಲೂ ಇಲ್ಲ.

"ನಾನೇ ಬರೆದೆ," ಎಂದ. "ಹನ್ನೊಂದನ್ನೂ. ಬೇರೆ ಯಾರಿಗೂ ಇದು ಗೊತ್ತಿಲ್ಲ. ಏನು ಶಿಕ್ಷೆ ಇದ್ದರೂ ನನಗೆ ಕೊಡಿ."

ಹೇಳಿ ಮುಗಿಸಿದಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಧ್ಯಕ್ಷೆ ಬರೆದುಕೊಂಡರು. ಸಹಿಗೆಂದು ಹಾಳೆಯನ್ನು ಅವನತ್ತ ತಳ್ಳಿದರು.

"ಒಂದು ನಿಮಿಷ," ಎಂದರು ಪ್ರೊಫೆಸರ್. ಅವರು ಮಣ್ಣಿನ ಪ್ರಬಂಧದ ಒಂದು ಪುಟ ತೆರೆದರು. ಅದರ ಅಡಿಟಿಪ್ಪಣಿಯಲ್ಲಿ, ಪ್ರಯೋಗಕ್ಕೆ ಬಳಸಿದ ಮಾದರಿಗಳು ಕೆಟ್ಟಿವೆ, ಈ ಅಂಕಿಗಳನ್ನು ನಂಬಬಾರದು ಎಂದು ಒಂದು ಸಾಲು ಇತ್ತಂತೆ. ಪದವಿ ಪಡೆದವನಿಗೆ ಆ ಸಾಲು ಇರುವುದೇ ಗೊತ್ತಿರಲಿಲ್ಲವಂತೆ. ತಾವು ಅನುಮಾನದಿಂದ ಮತ್ತೆ ಅಳೆದು ನೋಡಿದಾಗ ಅದು ನಿಜವಾಗಿತ್ತು. ಎಂಟು ವರ್ಷಗಳಿಂದ ಆ ಸಾಲು ಬರೆದವರನ್ನು ಭೇಟಿಯಾಗಬೇಕೆಂದಿದ್ದೇನೆ ಎಂದರು.

"ಬರೀ ಟಿಪ್ಪಣಿ ನೋಡಿ ನಿಮಗೆ ಹೇಗೆ ಗೊತ್ತಾಯ್ತು?"

ಅವನು ಪುಟವನ್ನು ದಿಟ್ಟಿಸಿದ. ಬೆರಳಿಟ್ಟು ಸಾಲುಗಳನ್ನು ಎಣಿಸಿದ.

"ಆ ಪುಟದಲ್ಲಿ ಮೂವತ್ತೆರಡು ಸಾಲು ಬರುತ್ತೆ ಸರ್," ಎಂದ ಕೊನೆಗೆ. "ಅಡಿಟಿಪ್ಪಣಿಗೆ ಅಂತ ಅಕ್ಷರ ಸಣ್ಣ ಮಾಡಬೇಕಾಯ್ತು."

ಮಗಳು ಎದ್ದು ಬಂದು, ಸಹಿಯ ಹಾಳೆಯನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು.

"ಸಾಕು ಅಪ್ಪ," ಎಂದಳು. ಹೋಗಿ ಬಾಗಿಲು ತೆರೆದಳು.

"ಕೋಷ್ಟಕದಲ್ಲಿ ಮಣ್ಣಿನ ತೂಕ ಮೂರನೇ ದಿನವೂ ಇಳೀತಾನೇ ಇತ್ತು ಸರ್," ಎಂದಳು ಪ್ರಶ್ನೆಯನ್ನು ಹೊರಗಿನಿಂದಲೇ ಕೇಳಿಸಿಕೊಂಡು ಹೊಸ್ತಿಲ ಮೇಲೆ ನಿಂತಿದ್ದ ಅವನ ಹೆಂಡತಿ, ಪ್ರೊಫೆಸರರನ್ನು ನೇರವಾಗಿ ನೋಡುತ್ತಾ. "ನೀರು ಯಾವಾಗಲೋ ಆರಿಹೋಗಿತ್ತು, ಓವನ್ನಿನಲ್ಲಿ ಸುಡ್ತಾ ಇದ್ದದ್ದು ಮಣ್ಣಿನೊಳಗಿನ ಬೇರು, ಎಲೆ. ಅದನ್ನ ಬರೆದಾಗ ಇವರು ಪಕ್ಕದಲ್ಲಿ ನಿದ್ದೆ ಮಾಡ್ತಿದ್ರು."