ಮೊದಲ ಇಪ್ಪತ್ತು ನಿಮಿಷ

"ಸಾಯುತ್ತೆ ಕಣಮ್ಮಾ ಅದು! ಈಗಷ್ಟೇ ಹುಟ್ಟಿದ ಕೂಸನ್ನ ಯಾರಾದ್ರೂ ಹೀಗೆ ಓಡಿಸ್ತಾರಾ?" ಸ್ಟಿಯರಿಂಗ್ ಹಿಂದೆ ಕೂತಿದ್ದ ಮಾವ ಕಿಟಕಿಯಿಂದ ತಲೆ ಹಾಕಿ ಕೂಗಿದರು. ಎಂಜಿನ್ 'ಗೊಂಯ್ಯ್' ಎಂದು ಶೆಡ್ಡಿನ ತಗಡನ್ನೆಲ್ಲ ಅದುರಿಸುತ್ತಿತ್ತು.

"ಆಕ್ಸಿಲರೇಟರ್ ಮೇಲಿಂದ ಕಾಲು ಮಾತ್ರ ತೆಗೀಬೇಡಿ ಮಾವ!" ಬಾನೆಟ್ಟಿನ ಕಡೆಯಿಂದ ಸೊಸೆ ಅಷ್ಟೇ ಗಟ್ಟಿಯಾಗಿ ಕೂಗಿದಳು. "ವಾಲ್ವುಗಳನ್ನ ಎತ್ತಿಳಿಸೋ ಹೊಸ ಕ್ಯಾಮ್‌ಶಾಫ್ಟು. ಮೊದಲ ಇಪ್ಪತ್ತು ನಿಮಿಷ ಆರ್‌ಪಿಎಂ ಮುಳ್ಳು ಎರಡು ಸಾವಿರದಿಂದ ಕೆಳಗೆ ಇಳೀಲೇಬಾರದು. ಜೋರಾಗಿ ತಿರುಗಿದ್ರೇನೇ ಅದರ ಮೈಗೆ ಎಣ್ಣೆ ಸಿಡಿಯೋದು. ಕ್ಯಾಮ್ ಕೂರಿಸಿದ್ದಾಯ್ತು, ಕ್ಯಾಮೆ ಇನ್ನೂ ಮುಗಿದಿಲ್ಲ!"

ಮೂರು ಗ್ಯಾರೇಜಿನವರು ಕೈಯೆತ್ತಿದ ಮೇಲಷ್ಟೇ ಮಾವ ತಮ್ಮ ಮುದ್ದಿನ ಮುದಿ ಕಾರನ್ನು ಅವಳ ಶೆಡ್ಡಿಗೆ ತಂದದ್ದು. ಅಲ್ಲಿಯವರೆಗೆ ನೆಂಟರ ಮುಂದೆ ಆ ಶೆಡ್ಡು 'ನಮ್ಮ ಸೊಸೆಯ ಆಟದ ಮನೆ'. ಅಂಥ ಶಾಫ್ಟು ಸಿಕ್ಕಲು ಎರಡು ತಿಂಗಳು ಹಿಡಿದಿತ್ತು. ಅದೇ ಕೊನೆಯದು ಎಂದು ಅಂಗಡಿಯವನು ಹೇಳಿಯೇ ಕೊಟ್ಟಿದ್ದ. ಕಾರು ಗುಣವಾಗಿ ಹೊರಟರೆ ಮಾವನ ಬಾಯಿಗೂ ಬೀಗ ಬೀಳುತ್ತದೆ ಎಂದು ಅವಳು ನಾಲ್ಕು ದಿನ ಮೈಮುರಿದು ದುಡಿದಿದ್ದಳು.

ಆರನೆಯ ನಿಮಿಷಕ್ಕೆ ರೇಡಿಯೇಟರ್ ಹಬೆಯಾಡತೊಡಗಿತು. "ನೀರು ತರ್ತೀನಿ. ಕಾಲು ಅಲ್ಲೇ ಇರಲಿ!" ಎಂದು ಅವಳು ಬಕೆಟ್ ಹಿಡಿದು ಹಿತ್ತಲಿಗೆ ಓಡಿದಳು. ನಲ್ಲಿಯಲ್ಲಿ ನೀರು ದಾರದಷ್ಟೇ ಬರುತ್ತಿತ್ತು. ಪಕ್ಕದಲ್ಲೇ ಕಂಪ್ರೆಸರ್ 'ಡಬಡಬ' ಬಡಿದುಕೊಳ್ಳುತ್ತಿತ್ತು. ಬೇರೇನೂ ಕೇಳಿಸಲಿಲ್ಲ.

ಬಕೆಟ್ ತುಂಬಿಸಿಕೊಂಡು ಬಂದರೆ ಎಂಜಿನ್ ಪಾರಿವಾಳದ ಹಾಗೆ 'ಗುಟುರ್ ಗುಟುರ್' ಎನ್ನುತ್ತಿದೆ! ಗುಟುರಿನ ನಡುವೆ ಸಣ್ಣಗೆ 'ಟಿಕ್ ಟಿಕ್'. ಮಾವ ಸೀಟಿಗೆ ಒರಗಿ, ಕಾಲು ಮಡಚಿ ಕೂತಿದ್ದಾರೆ.

"ಯಾವಾಗ ತೆಗೆದ್ರಿ ಕಾಲು?"

"ನೀನು ಅತ್ಲಾಗೆ ಹೋದ ತಕ್ಷಣ. ಹೇಗೆ ಹಾಯಾಗಿ ಉಸಿರಾಡ್ತಿದೆ ನೋಡು!"

ಅವಳು ಕೀಲಿ ತಿರುಗಿಸಿ ಎಂಜಿನ್ ಆರಿಸಿದಳು. ಎಂಜಿನ್ ಮೇಲಿನ ಮುಚ್ಚಳ ಬಿಚ್ಚಿ, ಕೈಯಿಂದಲೇ ಶಾಫ್ಟು ಸುತ್ತಿಸಿ ತೋರಿಸಿದಳು. ಎಲ್ಲ ವಾಲ್ವುಗಳೂ ಗತ್ತಿನಿಂದ ಎದ್ದು ಕೂತರೆ, ಮೂರನೆಯದು ಮಾತ್ರ ಅರ್ಧಕ್ಕೇ ಎದ್ದು ಸುಸ್ತಾಯಿತು. ಅದನ್ನು ಎತ್ತಬೇಕಾದ ಕ್ಯಾಮಿನ ಮೂತಿ ಸವೆದುಹೋಗಿತ್ತು.

"ಸಾಮಾನೇ ಕಳಪೆ ಬಿಡು," ಎಂದರು ಮಾವ. ಅವಳು ದುರುಗುಟ್ಟಿ ನೋಡಿದ್ದಕ್ಕೆ ದನಿ ಏರಿಸಿದರು. "ಏನು ಹಾಗೆ ನೋಡ್ತೀಯ? ಹೊಸದಾಗಿ ಬಂದದ್ದನ್ನ ಮೊದಲ ದಿನವೇ ಹೀಗೆ ದುಡಿಸಬಾರದಮ್ಮ. ಕರುಣೆ ಅನ್ನೋದು ಬೇಡ್ವಾ?"

ಅವಳು ಸ್ಪ್ಯಾನರನ್ನು ಬಾನೆಟ್ಟಿನ ಅಂಚಿನ ಮೇಲೆ ಮೆಲ್ಲನೆ ಇಟ್ಟಳು.

"ನಾನು ನಿಮ್ಮ ಮನೆಗೆ ಬಂದ ಮೊದಲ ದಿನ ಅರವತ್ತು ಜನರ ಪಾತ್ರೆ ತೊಳೆದೆ ಮಾವ. ಆಗ ನೀವು ಒಂದು ಸಲ ಒಳಗೆ ಬಂದ್ರಿ. 'ಸದ್ದು ಮಾಡದೆ ತೊಳಿಯಮ್ಮ, ನಿದ್ದೆ ಬರ್ತಿಲ್ಲ' ಅಂದು ಹೋದ್ರಿ."