ಹೊರಡುವಾಗಿನ ಮಾತು

ಅರ್ಧ ಟಿಕೆಟ್‌ನಲ್ಲಿ ಒಂಟಿಯಾಗಿ ಬರುವ ಮಕ್ಕಳ ನಡುವೆ ಯಂತ್ರದ ಮಕ್ಕಳೂ ನುಸುಳತೊಡಗಿದ ಮೇಲೆ ಟಿಸಿ ವಿಮಲಾಕ್ಷಿ ಯಾರನ್ನೂ ನಂಬುತ್ತಿರಲಿಲ್ಲ. ಬೀರೂರಿನಿಂದ ಒಬ್ಬಳೇ ಬರುತ್ತಿದ್ದ ಏಳು ವರ್ಷದ ತನ್ಮಯಿಯ ನಾಡಿ ಹಿಡಿದಳು, ಬಾಯಿ ತೆರೆಸಿ ನೋಡಿದಳು. ಮುಂದಿನ ಹಲ್ಲೊಂದು ಬಿದ್ದಿತ್ತು. ಹಲ್ಲು ಬೀಳುವ ಯಂತ್ರಗಳೂ ಬಂದಿವೆಯಲ್ಲ!

ದಾವಣಗೆರೆಯಲ್ಲಿ ಅಜ್ಜಿ ಬೋಗಿಯ ಬಾಗಿಲಲ್ಲೇ ಕಾದಿದ್ದರು. ಹುಡುಗಿ ಚೀಲ ಎತ್ತಿಕೊಂಡಳು.

“ಬರ್ತೀನಿ ಆಂಟಿ.”

ವಿಮಲಾಕ್ಷಿ ಗಬಕ್ಕನೆ ಅವಳ ತೋಳು ಹಿಡಿದಳು. “ಸಿಕ್ಕಿಬಿದ್ದೆ! ಇಳಿದು ಹೋಗ್ತಾ ಇದ್ದೀಯ, ‘ಬರ್ತೀನಿ’ ಅಂತೀಯಲ್ಲ?”

ಅಜ್ಜಿ ಮೊಮ್ಮಗಳನ್ನು ತಮ್ಮತ್ತ ಎಳೆದುಕೊಂಡು ವಿಮಲಾಕ್ಷಿಯ ಮುಖವನ್ನೇ ದಿಟ್ಟಿಸಿದರು. “ಹೋಗೋವಾಗ ‘ಬರ್ತೀನಿ’ ಅನ್ಬೇಕು ಅಂತ ನಿಮ್ಮವ್ವ ಕಲಿಸಿಲ್ಲೇನ್ರೀ?”

ವಿಮಲಾಕ್ಷಿ ಅವ್ವನ ಮುಖ ನೆನಪಿಸಿಕೊಳ್ಳಲು ನೋಡಿದಳು. ರೈಲುಗಳ ವೇಳಾಪಟ್ಟಿ ಮಾತ್ರ ನೆನಪಾಯಿತು.