ಲೊರೇನ್‌ಗೆಂದು ತಂದದ್ದು

"ಲೊರೇನ್ ನಿನಗೆ ಗೊತ್ತಂತೆ, ಹೌದೇನಪ್ಪಾ?" ಎಂದು ಮುದುಕಿ ಕೇಳಿದಾಗ, ಫೋಟೊ ತೆಗೆಯುತ್ತಿದ್ದ ಗ್ಯಾರೆಟ್‌ನ ಕೈ ಅಲ್ಲೇ ನಿಂತಿತು. ಗಾಂಜಾ ಮಾರಾಟಕ್ಕೆ ಕಾನೂನಿನ ಒಪ್ಪಿಗೆಯಿದ್ದ ಪ್ಯೂಬ್ಲೊ ಊರಿನ ಗಾಂಜಾ ಅಂಗಡಿಗಳಿಗೆ ಆನ್‌ಲೈನ್ ಪ್ರಚಾರ ಮಾಡಿಕೊಡುವುದು ಅವನ ಕಸುಬು. ಮುದುಕಿಯನ್ನು ಅವನತ್ತ ಸಾಗಹಾಕಿದ್ದ ಅಂಗಡಿಯ ಒಡತಿ ಟ್ರಿಶ್, ಗಲ್ಲಾದ ಹಿಂದೆ ತಲೆ ತಗ್ಗಿಸಿಕೊಂಡಳು.

ಗಾಂಜಾದಿಂದ ಕೈನಡುಕದ ಕಾಯಿಲೆ ನಿಲ್ಲುತ್ತದೆ ಎಂದು ಅಂಗಡಿಯವರೇ ಹೇಳಿದರೆ ಲೈಸೆನ್ಸ್ ಹೋಗುತ್ತದೆ. ಗಿರಾಕಿ ಹೇಳಿದರೆ ಯಾರೂ ಪ್ರಶ್ನಿಸುವುದಿಲ್ಲ. ಅದಕ್ಕೇ ಗ್ಯಾರೆಟ್ ಲೊರೇನ್ ಎಂಬ ಇಲ್ಲದ ಗಿರಾಕಿಯನ್ನು ಹುಟ್ಟಿಸಿದ್ದ. 'ಮಾತ್ರೆಯೆಲ್ಲ ಕಸಕ್ಕೆ ಹಾಕಿದೆ, ಈಗ ಸೂಜಿಗೆ ದಾರ ಪೋಣಿಸ್ತೀನಿ' ಎಂದು ವೆಬ್‌ಸೈಟಿನಲ್ಲಿ ಅವಳ ಹೆಸರಲ್ಲಿ ಬರೆದವನೂ ಅವನೇ.

"ನಾನೂ ಮಾತ್ರೆ ಬಿಸಾಕಿದೆ," ಎಂದಳು ಮುದುಕಿ ಆರ್ಚುಲೆಟಾ. ಎರಡೂ ಕೈಯಲ್ಲಿ ಹಿಡಿದಿದ್ದ ಹಸಿರು ಮೆಣಸಿನಕಾಯಿ ಗೊಜ್ಜಿನ ಬಾಟಲಿ ಗಡಗಡ ಅಲ್ಲಾಡುತ್ತಿತ್ತು. "ನನಗ್ಯಾಕೋ ಜಾಸ್ತೀನೇ ಆಗಿದೆ ಕಣೋ. ಅವಳು ಹೆಂಗೆ ತಡ್ಕೊಂಡ್ಳು ಅಂತ ಕೇಳ್ಬೇಕಿತ್ತು. ಇದು ಅವಳಿಗೇ ಅಂತ ಮಾಡಿದ್ದು."

ನಿಜ ಹೇಳಿಬಿಡಬೇಕೆಂದೇ ಗ್ಯಾರೆಟ್ ಬಾಯಿ ತೆರೆದ.

"ಲೊರೇನ್ ತೀರ್ಕೊಂಡ್ರು," ಎಂದ. "ಮಾತ್ರೆ ಬಿಟ್ಟಿದ್ದಕ್ಕೇ. ನೀವು ಇವತ್ತೇ ಡಾಕ್ಟರ ಹತ್ರ ಹೋಗಿ, ದಮ್ಮಯ್ಯ."

ಮುದುಕಿ ಬಾಟಲಿಯನ್ನು ಗಲ್ಲಾದ ಮೇಲಿಟ್ಟಳು. ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಅವನ ಕೈ ಹಿಡಿದಳು. ಅವಳ ನಡುಕ ಅವನ ಮೊಣಕೈವರೆಗೂ ಹತ್ತಿತು.

"ಅಯ್ಯೋ ಪಾಪ. ಕೊನೇಲಿ ಅವಳ ಪಕ್ಕದಲ್ಲಿ ಯಾರಾದ್ರೂ ಇದ್ರಾ?"

"ನಾನಿದ್ದೆ," ಎಂದ ಗ್ಯಾರೆಟ್. "ನಾನೊಬ್ಬನೇ."